ಒಮ್ಮೆ ನೆಟ್ಟರೆ ಮುಗಿಯಿತೇ? ಗೋಡೆ ಬದಿಯ ಪಾತಿಗೆ ಬಹುವಾರ್ಷಿಕ ಹೂಗಿಡಗಳು

ಪ್ರಶ್ನೆ: ಮನೆಯ ಪಶ್ಚಿಮದ ಗೋಡೆಗೆ ತಾಗಿಕೊಂಡು 10 ಅಡಿ ಉದ್ದ, 4 ಅಡಿ ಅಗಲದ ಜಾಗವಿದೆ. ಮಧ್ಯಾಹ್ನದವರೆಗೆ ನೆರಳು, ಆಮೇಲೆ ಸಂಜೆವರೆಗೂ ಬಿಸಿಲು. ಪ್ರತಿ ವರ್ಷ ಚೆಂಡು ಹೂ, ಜಿನ್ನಿಯಾ ಹಾಕಿ ಕೀಳುವುದು ಸಾಕಾಗಿ, ಎರಡು ವರ್ಷದ ಹಿಂದೆ ಜರ್ಬೆರಾ, ಸುಗಂಧರಾಜ, ಸೇವಂತಿಗೆ ಮತ್ತು ಕೇಪಳ ನೆಟ್ಟೆವು. ಜರ್ಬೆರಾ ಮೊದಲ ಮಳೆಗಾಲದಲ್ಲೇ ಕೊಳೆಯಿತು. ಸುಗಂಧರಾಜ ಒಮ್ಮೆ ಹೂ ಬಿಟ್ಟು ಈಗ ಹುಲ್ಲಿನ ಪೊದೆಯಂತಾಗಿದೆ. ಸೇವಂತಿಗೆಯಲ್ಲಿ ಎಲೆ ಬಿಟ್ಟರೆ ಹೂವಿಲ್ಲ. ಕೇಪಳದ ಎಲೆಗಳು ಹಳದಿ ತಿರುಗಿವೆ. ಬಹುವಾರ್ಷಿಕ ಗಿಡವೆಂದರೆ ಒಮ್ಮೆ ನೆಟ್ಟರೆ ಸಾಕಲ್ಲವೇ? ಈ ಜಾಗಕ್ಕೆ ಏನು ಹಾಕಬೇಕು, ಹೇಗೆ? ಸುಗಂಧರಾಜದ ಗೆಡ್ಡೆಗಳನ್ನು ಕಿತ್ತೆಸೆಯಲೇ?

ಉತ್ತರ: ಗೆಡ್ಡೆಗಳನ್ನು ಎಸೆಯಬೇಡಿ, ಅದರ ವಿಚಾರ ಕೊನೆಗೆ ಬರುತ್ತದೆ. ಬಹುವಾರ್ಷಿಕ ಅಂದರೆ ಗಿಡ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು ಎಂದಷ್ಟೇ ಅರ್ಥ. ನೆಟ್ಟಲ್ಲೇ ಬಿಟ್ಟರೂ ವರ್ಷ ವರ್ಷ ಹೂ ಕೊಡುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಚೆಂಡು ಹೂವಿನ ಆಟ ನಾಲ್ಕು ತಿಂಗಳಿಗೆ ಮುಗಿಯುತ್ತದೆ, ಎಡವಿದರೆ ಮುಂದಿನ ಸಲ ತಿದ್ದಿಕೊಳ್ಳಬಹುದು. ಇಲ್ಲಿ ಹಾಗಲ್ಲ. ನೆಡುವ ದಿನ ಬುಡ ಅರ್ಧ ಇಂಚು ಆಳಕ್ಕೆ ಹೋಗಿದ್ದರೆ ಆ ತಪ್ಪು ಮಣ್ಣೊಳಗೇ ಕೂತು ವರ್ಷಗಟ್ಟಲೆ ಕಾಡುತ್ತದೆ. ಈ ಗಿಡಗಳ ಸೋಲು ಗೆಲುವು ಹೆಚ್ಚುಪಾಲು ನೆಲಮಟ್ಟದ ಮೇಲೆ ಕೆಳಗೆ ಎರಡು ಇಂಚಿನೊಳಗೆ ನಿರ್ಧಾರವಾಗುತ್ತದೆ.

ನಿಮ್ಮ ನಾಲ್ಕು ಗಿಡಗಳೂ ಬೇರೆ ಬೇರೆ ಕಾರಣಕ್ಕೆ ಕೈಕೊಟ್ಟಿವೆ. ಜರ್ಬೆರಾದ ಎಲೆಗಳೆಲ್ಲ ಒಂದೇ ಗಂಟಿನಿಂದ ಹೊರಡುತ್ತವೆ. ಆ ಗಂಟು ಮಣ್ಣಿನಿಂದ ಒಂದೆರಡು ಸೆಂಟಿಮೀಟರ್ ಮೇಲೇ ಇರಬೇಕು. ಮಣ್ಣು ಮುಚ್ಚಿಕೊಂಡರೆ, ಅಥವಾ ಎಲೆಗಳ ನಡುವೆ ನೀರು ನಿಂತರೆ ಫೈಟಾಫ್ತೊರಾದಂಥ ಬುಡಕೊಳೆ ರೋಗಾಣುಗಳಿಗೆ ಬಾಗಿಲು ತೆರೆದಂತೆ. ನೆಡುವಾಗ ನೀವು ಸರಿಯಾದ ಎತ್ತರದಲ್ಲೇ ಇಟ್ಟಿದ್ದಿರಬಹುದು. ಆದರೆ ಹೊಸದಾಗಿ ಅಗೆದು ಗೊಬ್ಬರ ಬೆರೆಸಿದ ಮಣ್ಣು ಕೆಲವೇ ವಾರಗಳಲ್ಲಿ ಒಂದು ಇಂಚಿನವರೆಗೂ ಕುಸಿಯುತ್ತದೆ, ಜತೆಗೆ ಗಿಡವೂ ಇಳಿಯುತ್ತದೆ. ಆಮೇಲೆ ಸುತ್ತಲಿನ ಮಣ್ಣನ್ನು ಮಳೆ ತಂದು ಬುಡಕ್ಕೆ ತುಂಬುತ್ತದೆ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ದೀರ್ಘವಾಗುತ್ತ ಹೋದಾಗ. ಆ ಗೋಡೆಯ ಮೇಲೆ ರಾತ್ರಿಯಿಡೀ ಉರಿಯುವ ದೀಪವಿದೆಯೇ, ಬೀದಿದೀಪದ ಬೆಳಕು ಪಾತಿಯ ಮೇಲೆ ಬೀಳುತ್ತದೆಯೇ ನೋಡಿ. ಹಾಗಿದ್ದರೆ ಗಿಡದ ಪಾಲಿಗೆ ಅಲ್ಲಿ ರಾತ್ರಿ ಆಗುತ್ತಲೇ ಇಲ್ಲ. ಹೂವಿನ ಬೆಳೆಗಾರರು ಕೊಯ್ಲನ್ನು ಮುಂದೂಡಲು ನಡುರಾತ್ರಿ ಕೆಲವು ಗಂಟೆ ದೀಪ ಉರಿಸುವುದುಂಟು. ನಿಮ್ಮಲ್ಲಿ ಅದು ಅರಿವಿಲ್ಲದೆ ನಡೆಯುತ್ತಿರಬಹುದು. ದೀಪ ಇಲ್ಲವೆಂದಾದರೆ ಎರಡನೇ ಗುಮಾನಿ, ಹೆಚ್ಚಾದರೆ ಹೂವಿನ ಬದಲು ಎಲೆಯನ್ನೇ ಬೆಳೆಸುವ ಸಾರಜನಕದ ಮೇಲೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ.

ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟ್ ಗೋಡೆಯ ಬುಡದ ಮಣ್ಣಿನಲ್ಲಿ ಗಾರೆ, ಸುಣ್ಣ, ಕಟ್ಟಡದ ಚೂರುಗಳು ಸೇರಿ ಕ್ಷಾರ ಹೆಚ್ಚಿರುತ್ತದೆ. ಗಡಸು ನೀರು ಹಾಕುತ್ತಿದ್ದರೆ ಇನ್ನಷ್ಟು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿರುವುದಿಲ್ಲ. ಗುರುತು ಹಿಡಿಯುವುದು ಸುಲಭ: ಕುಡಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕದ ಕೊರತೆ, ಇಲ್ಲವೇ ಬೇರಿಗೆ ನೀರು ಹೆಚ್ಚಾಗಿದೆ. ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಮಣ್ಣಿಗೆ ಸುರಿದರೆ ಕ್ಷಾರದಲ್ಲಿ ಅದೂ ಬೇಗನೆ ಕಟ್ಟಿಕೊಂಡು ನಿಷ್ಪ್ರಯೋಜಕವಾಗುತ್ತದೆ. ಚೀಲೇಟ್ ರೂಪದ ಕಬ್ಬಿಣ, ಅಂದರೆ ಮಣ್ಣಿನಲ್ಲಿ ಕಟ್ಟಿಕೊಳ್ಳದಂತೆ ಬೇರೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ, ಅದರಲ್ಲೂ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದು ನಮೂದಿಸಿರುವುದು, ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಆದರೆ ವರ್ಷವಿಡೀ ಮದ್ದು ಕೊಟ್ಟು ಸಾಕುವುದಕ್ಕಿಂತ ಆ ಕೇಪಳವನ್ನು 14 ಇಂಚಿನ ಕುಂಡಕ್ಕೆ ಎತ್ತಿಹಾಕಿ, ಎಲೆಗೊಬ್ಬರ ಧಾರಾಳ ಬೆರೆಸಿ, ಮಳೆನೀರು ಸಿಕ್ಕಾಗ ಅದನ್ನೇ ಹಾಕುವುದು ಜಾಣತನ.

ಈಗ ಜಾಗದ ವಿಷಯ. ಮಧ್ಯಾಹ್ನ 12ರಿಂದ ಸಂಜೆ 6ರವರೆಗಿನ ಬಿಸಿಲು ಆರು ಗಂಟೆಯದು, ಲೆಕ್ಕಕ್ಕೆ ಅದು ಪೂರ್ಣ ಬಿಸಿಲೇ. ಆದರೆ ಬೆಳಗಿನ ಎಳೆಬಿಸಿಲಿನ ಆರು ಗಂಟೆಗೂ ಇದಕ್ಕೂ ಅಜಗಜಾಂತರ. ಗೋಡೆ ಕಾದು ರಾತ್ರಿಯವರೆಗೆ ಶಾಖ ಬಿಡುತ್ತಿರುತ್ತದೆ. ಸಜ್ಜೆಯಿದ್ದರೆ ಅದರ ಕೆಳಗಿನ ಒಂದೂವರೆ ಅಡಿಗೆ ಮಳೆಗಾಲದಲ್ಲೂ ನೀರು ಬೀಳುವುದಿಲ್ಲ. ಅಂದರೆ ನಾಲ್ಕು ಅಡಿಯೊಳಗೆ ಗೋಡೆ ಬದಿ ಒಣ ನೆಲ, ಅಂಚಿನಲ್ಲಿ ಸೂರಿನ ನೀರು ಬಡಿಯುವ ನೆಲ. ಗಿಡ ಕೊಳ್ಳುವ ಮುಂಚೆ ಇದನ್ನು ಒಂದು ಮಳೆಯಲ್ಲಿ ನಿಂತು ನೋಡಿಕೊಳ್ಳಿ.

ನೀರು ಎಷ್ಟು ಬೇಗ ಇಂಗುತ್ತದೆ ಎಂಬುದನ್ನು ಊಹೆ ಮಾಡಬೇಡಿ, ಅಳೆಯಿರಿ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಒಂದು ಕೋಲು ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ಗಂಟೆಯಲ್ಲಿ ಒಂದಿಂಚಿಗಿಂತ ಕಡಿಮೆ ಇಳಿದರೆ ಆ ಪಾತಿಯನ್ನು ಏರಿಸಲೇಬೇಕು. ಮೊದಲನೇ ಸಲದ ಲೆಕ್ಕ ಹಿಡಿಯಬೇಡಿ, ಒಣಮಣ್ಣು ಎಷ್ಟಾದರೂ ಕುಡಿಯುತ್ತದೆ.

ಜಿಗುಟು ಮಣ್ಣೆಂದು ಎರಡು ಬಾಂಡ್ಲಿ ಮರಳು ಬೆರೆಸುವ ಅಭ್ಯಾಸ ಬಹಳ ಕಡೆ ಇದೆ. ಅಷ್ಟು ಮರಳಿಗೆ ಜಿಗುಟು ಸಡಿಲವಾಗದು. ಮರಳಿನ ಕಣಗಳ ನಡುವೆ ಜೇಡಿ ತುಂಬಿಕೊಂಡು ಒಣಗಿದಾಗ ಇಟ್ಟಿಗೆಯಾಗುತ್ತದೆ. ಗುಂಡಿಯ ತಳಕ್ಕೆ ಜಲ್ಲಿ ಹಾಕುವುದೂ ಅಷ್ಟೇ: ಸಣ್ಣ ರಂಧ್ರದ ಮಣ್ಣಿನಿಂದ ದೊಡ್ಡ ರಂಧ್ರದ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಂತು ಬೇರನ್ನು ನೆನೆಸುತ್ತದೆ. ಮಣ್ಣು ಹಗುರಾಗಬೇಕಾದರೆ ಕಳಿತ ಗೊಬ್ಬರವೇ ಬೇಕು. ನಿಮ್ಮ 40 ಚದರಡಿಗೆ ಎರಡು ಇಂಚು ದಪ್ಪ ಹರಡಲು ಸುಮಾರು 190 ಲೀಟರ್, ಅಂದರೆ 20 ಲೀಟರ್ ಬಕೆಟ್‌ನಲ್ಲಿ ಒಂಬತ್ತು ಹತ್ತು ಬಕೆಟ್ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್. ಅದನ್ನು ಹತ್ತು ಇಂಚು ಆಳದವರೆಗೆ ಗುದ್ದಲಿಯಲ್ಲಿ ಬೆರೆಸಿ, ಗಾರೆಯ ತುಂಡು ಸಿಕ್ಕಷ್ಟನ್ನೂ ಹೆಕ್ಕಿ ಹಾಕಿ. ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು. ಹಸಿ ಗೊಬ್ಬರ ಬೇರನ್ನು ಸುಡುತ್ತದೆ, ಗೊಬ್ಬರದ ಹುಳುವನ್ನೂ ತರುತ್ತದೆ.

ಪಾತಿ ಏರಿಸುವಾಗ ಮನೆ ಗೋಡೆಗೆ ಮಣ್ಣು ಒತ್ತರಿಸಬೇಡಿ. ಅರ್ಧ ಅಡಿ ಖಾಲಿ ಬಿಟ್ಟು ಇಟ್ಟಿಗೆ ಸಾಲು ಕೊಡಿ, ಇಲ್ಲವಾದರೆ ಗೋಡೆಯೊಳಗೆ ತೇವ ಏರುತ್ತದೆ. ಆರರಿಂದ ಎಂಟು ಇಂಚು ಏರಿಸಿದರೆ ಸಾಕು. ಇಷ್ಟೆಲ್ಲ ಮಾಡಿ ಎರಡು ಮೂರು ವಾರ ಬಿಡಿ, ನಡುವೆ ಎರಡು ಸಲ ಚೆನ್ನಾಗಿ ನೀರು ಕುಡಿಸಿ. ಮಣ್ಣು ಕುಸಿಯುವುದೆಲ್ಲ ಆಗ ಕುಸಿದು ಮುಗಿಯಲಿ. ಜರ್ಬೆರಾ ಸತ್ತ ಕಡೆ ಮಣ್ಣನ್ನು ಒಂದಡಿ ಆಳಕ್ಕೆ ತೆಗೆದು ಬೇರೆಡೆ ಹಾಕಿ, ಅಲ್ಲಿ ಮತ್ತೆ ಜರ್ಬೆರಾ ಬೇಡ.

ಏನು ನೆಡಬೇಕು? ಕ್ಯಾಟಲಾಗ್ ನೋಡಿ ಮರುಳಾಗಿ ಪಿಯೋನಿ, ಟ್ಯೂಲಿಪ್ ತರಿಸಬೇಡಿ. ಅವಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಸಿಗದೆ ಮೊಗ್ಗು ಏಳದು. ಲ್ಯಾವೆಂಡರ್ ಸೆಕೆಗಿಂತ ಹೆಚ್ಚಾಗಿ ಸೆಕೆಯೊಂದಿಗಿನ ತೇವಕ್ಕೆ ಸಾಯುತ್ತದೆ. ಕನಕಾಂಬರಕ್ಕೆ ಪಡುವಣ ಬಿಸಿಲು ಹಿಡಿಸದು, ಬೇರುಗಂಟು ಜಂತುಹುಳುವಿನ ಕಾಟವೂ ಅದಕ್ಕೆ ಹೆಚ್ಚು. (ಅಂದಹಾಗೆ, ನೀವು ವರ್ಷಗಟ್ಟಲೆ ಚೆಂಡು ಹೂ ಬೆಳೆದದ್ದು ವ್ಯರ್ಥವಲ್ಲ. ಒತ್ತಾಗಿ ಬೆಳೆದ ಚೆಂಡು ಹೂವಿನ ಬೇರುಗಳು ಈ ಜಂತುಗಳ ಸಂಖ್ಯೆ ತಗ್ಗಿಸುತ್ತವೆ.)

ಈ ಜಾಗಕ್ಕೆ ಒಪ್ಪುವವು ದಾಸವಾಳ, ನೀಲಿ ಪ್ಲಂಬಾಗೊ, ಕ್ಯಾನಾ ಅಂದರೆ ಕಾಬಾಳೆ, ಡೇ ಲಿಲಿ, ರೇನ್ ಲಿಲಿ. ಪೆಂಟಾಸ್ ಕೂಡ ನಡೆಯುತ್ತದೆ. ಗೋಡೆಗೆ ಎರಡಡಿ ದೂರದಲ್ಲಿ, ಪಾತಿಯ ಒಂದು ತುದಿಯಿಂದ ಎರಡಡಿಗೆ ದಾಸವಾಳ, ಇನ್ನೊಂದು ತುದಿಯಿಂದ ಎರಡಡಿಗೆ ಪ್ಲಂಬಾಗೊ. ಎರಡನ್ನೂ ಸವರುತ್ತ ಮೂರಡಿ ಅಗಲಕ್ಕೆ ಹಿಡಿದಿಡಬೇಕು. ಅವುಗಳ ನಡುವೆ ಮೂರಡಿ ಉಳಿಯುತ್ತದೆ: ಹಿಂದೆ ಎರಡು ಕ್ಯಾನಾ, ಮುಂದೆ ಒಂದೂವರೆ ಅಡಿ ಅಂತರದಲ್ಲಿ ಮೂರು ಡೇ ಲಿಲಿ. ಮುಂಭಾಗದ ಅಂಚಿಗೆ ನಾಲ್ಕಿಂಚಿಗೊಂದರಂತೆ 25 ರೇನ್ ಲಿಲಿ ಗೆಡ್ಡೆ. ಇಷ್ಟೇ. ನೆಟ್ಟ ದಿನ ಪಾತಿ ಬೋಳಾಗಿ ಕಾಣುತ್ತದೆ, ಕಣ್ಣಿಗೆ ಸಹಿಸದು, ಇನ್ನೆರಡು ಗಿಡ ತುರುಕೋಣ ಅನ್ನಿಸುತ್ತದೆ. ಗಿಡ ಸೊರಗುವ ಕಾರಣಗಳಲ್ಲಿ ಇದೂ ಒಂದು. ಮೊದಲ ವರ್ಷದ ಖಾಲಿಗೆ ನಿಮ್ಮ ಜಿನ್ನಿಯಾ ಇದೆಯಲ್ಲ, ಎರಚಿಬಿಡಿ.

ಮನೆಯಲ್ಲಿ ಬೆಕ್ಕಿದ್ದರೆ ಡೇ ಲಿಲಿ ಬೇಡವೇ ಬೇಡ. ಅದರ ಎಲೆ, ಹೂ, ಪರಾಗ ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಆ ಜಾಗಕ್ಕೂ ಕ್ಯಾನಾದ ಗಿಡ್ಡ ತಳಿಯನ್ನೇ ಹಾಕಿ. ಚಿಕ್ಕ ಮಕ್ಕಳಿರುವಲ್ಲಿ ಕಣಗಿಲೆ ತರಬೇಡಿ, ಅದರ ಎಲ್ಲ ಭಾಗವೂ ವಿಷ. ಇನ್ನೊಂದು ಎಚ್ಚರಿಕೆ, ಪುಕ್ಕಟೆ ಸಿಗುವ ಗಿಡಗಳ ಬಗ್ಗೆ. ಊರಿಗೆಲ್ಲ ಹಂಚುವಷ್ಟು ಬೆಳೆದದ್ದೇ ಅದರ ಜಾಯಮಾನ ಹೇಳುತ್ತದೆ. ಹಳದಿ ಹೂವಿನ ವೆಡೇಲಿಯಾ ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ, ಉದ್ದ ಎಲೆಯ ನೇರಳೆ ರುಯೆಲಿಯಾ ಬೀಜ ಸಿಡಿಸಿ ಪಕ್ಕದ ಪಾತಿಗೂ ದಾಟುತ್ತದೆ.

ನರ್ಸರಿಯಲ್ಲಿ ಹೂ ತುಂಬಿದ ಗಿಡಕ್ಕಿಂತ, ಬುಡದಿಂದ ಮೂರ್ನಾಲ್ಕು ಹೊಸ ಕವಲು ಒಡೆಯುತ್ತಿರುವ ಗಿಡ ಆರಿಸಿ. ಚೀಲದ ತಳದ ತೂತಿನಿಂದ ದಪ್ಪ ಬೇರು ಹೊರಗೆ ಬಂದಿದ್ದರೆ ಅದು ಬಹಳ ದಿನ ಅಲ್ಲೇ ಕೂತ ಗಿಡ. ಎಲೆಯ ಅಡಿ, ಗಿಣ್ಣಿನ ಸಂದಿ ನೋಡಿ. ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ, ಗಿಡ ಅಲ್ಲೇ ಇರಲಿ.

ನೆಡುವ ಹೊತ್ತು ಬಿಸಿಲಿಳಿದ ಸಂಜೆ, ಅಥವಾ ಮೋಡದ ದಿನ. ಒಳ್ಳೆಯ ಕಾಲ ಮಳೆಗಾಲದ ಮೊದಲ ಹದಮಳೆಗಳ ನಂತರ. ಗಿಡವನ್ನು ಚೀಲದ ಸಮೇತ ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿಡಿ. ಚೀಲವನ್ನು ಎಳೆಯಬೇಡಿ, ಬ್ಲೇಡಿನಿಂದ ಸೀಳಿ. ಬೇರುಗಳು ಚೀಲದ ಆಕಾರಕ್ಕೇ ಸುತ್ತಿಕೊಂಡಿದ್ದರೆ ಹೆಂಟೆಯ (ಬೇರು ಹಿಡಿದ ಮಣ್ಣಿನ ಮುದ್ದೆಯ) ಬದಿಗಳಲ್ಲಿ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಕಡೆ ಅರ್ಧ ಇಂಚು ಆಳ ಗೀರಿ. ಕೈ ಬರುವುದಿಲ್ಲ, ಆದರೂ ಗೀರಬೇಕು. ಗೀರದಿದ್ದರೆ ಬೇರು ಅಲ್ಲೇ ಸುತ್ತುತ್ತ ಇರುತ್ತದೆ, ಎರಡು ವರ್ಷದ ನಂತರ ಕಿತ್ತರೆ ಚೀಲದ ಅಚ್ಚು ಹಾಗೇ ಹೊರಬರುತ್ತದೆ. ಬರೀ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಗಿಡವಾದರೆ ಹೊರಗಿನ ಪುಡಿಯನ್ನು ಅರ್ಧದಷ್ಟು ಉದುರಿಸಿ. ಇಲ್ಲವಾದರೆ ಪಾತಿ ಒದ್ದೆಯಿದ್ದರೂ ಆ ಹೆಂಟೆ ಒಳಗೆ ಒಣಗಿಯೇ ಇರುತ್ತದೆ.

ಗುಂಡಿ ಹೆಂಟೆಯ ಎರಡರಷ್ಟು ಅಗಲ ಇರಲಿ, ಆಳ ಹೆಂಟೆಯಷ್ಟೇ. ಗಿಡವನ್ನು ಗುಂಡಿಯಲ್ಲಿಟ್ಟು, ಗುಂಡಿಯ ಎರಡೂ ದಡಕ್ಕೆ ತಾಗುವಂತೆ ಒಂದು ಕೋಲನ್ನು ಅಡ್ಡ ಇಡಿ. ದಾಸವಾಳ, ಪ್ಲಂಬಾಗೊದ ಹೆಂಟೆಯ ತಲೆ ಆ ಕೋಲಿಗೆ ಸರಿಯಾಗಿ, ಇಲ್ಲವೇ ಅರ್ಧ ಇಂಚು ಮೇಲಿರಬೇಕು. ಡೇ ಲಿಲಿಯ ಬೇರು ಮತ್ತು ಎಲೆ ಕೂಡುವ ಜಾಗ ಒಂದು ಇಂಚು ಕೆಳಗೆ. ಕ್ಯಾನಾ ಗೆಡ್ಡೆ ಮೂರರಿಂದ ನಾಲ್ಕು ಇಂಚು ಆಳ, ಚಿಗುರೊಡೆಯುವ ಕಣ್ಣು ಮೇಲಕ್ಕೆ. ರೇನ್ ಲಿಲಿ ಗೆಡ್ಡೆಯ ಕುತ್ತಿಗೆ ಮಣ್ಣಿಗೆ ಸಮನಾಗಿರಲಿ. ಮಣ್ಣು ತುಂಬಿ ಕಾಲಲ್ಲಿ ತುಳಿಯಬೇಡಿ. ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದ ಮೇಲೊಮ್ಮೆ ನೀರು ಹಾಕಿ, ಮಣ್ಣನ್ನು ನೀರೇ ಕೂರಿಸುತ್ತದೆ. ಹದಿನೈದು ದಿನ ಕಳೆದು ಮತ್ತೆ ಕೋಲಿಟ್ಟು ನೋಡಿ. ಬುಡ ಇಳಿದಿದ್ದರೆ ಆಗಲೇ ಎತ್ತಿ ಸರಿಪಡಿಸಿ, ಬೇರು ಇನ್ನೂ ನೆಲ ಹಿಡಿದಿರುವುದಿಲ್ಲ.

ಮೇಲೆ ಎರಡು ಇಂಚು ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಕೊಡಿ, ಆದರೆ ಕಾಂಡದ ಸುತ್ತ ಒಂದು ಗೇಣು ಬಯಲಾಗಿಯೇ ಬಿಡಿ. ಹಸಿ ಮರದ ಪುಡಿಯನ್ನು ಮಣ್ಣಿಗೆ ಬೆರೆಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಅದೇ ತಿನ್ನುತ್ತದೆ.

ನೀರು: ದಿನಾ ಸಂಜೆ ಪೈಪು ಹಿಡಿದು ಐದು ನಿಮಿಷ ಚಿಮುಕಿಸುವುದು ನೋಡುವವರಿಗೆ ಚೆನ್ನ, ಬೇರಿಗಲ್ಲ. ಮೇಲಿನ ಒಂದಿಂಚು ಮಾತ್ರ ನೆನೆದು ಬೇರು ಅಲ್ಲೇ ಹರಡುತ್ತದೆ, ಬಿಸಿಲಿಗೆ ಮೊದಲು ಬೇಯುವುದು ಅದೇ ಪದರ. ನಿಮ್ಮ ಪಾತಿಗೆ ಒಂದಿಂಚು ನೀರು ಅಂದರೆ ಸುಮಾರು 95 ಲೀಟರ್. ಮೊದಲ ಆರು ವಾರ ಬಿಟ್ಟರೆ ವಾರಕ್ಕೆ ಇಷ್ಟು, ಎರಡು ಕಂತಿನಲ್ಲಿ. ಕಡುಬೇಸಿಗೆಯಲ್ಲಿ ಒಂದೂವರೆ ಪಟ್ಟು. ಮಳೆ ಬಂದಷ್ಟನ್ನು ಕಳೆಯಿರಿ, ಸಜ್ಜೆಯಡಿಯ ಗಿಡ ಮಳೆಗಾಲದಲ್ಲೂ ಬಾಯಾರಿರಬಹುದೆಂಬುದನ್ನು ಮರೆಯದೆ. ಅನುಮಾನ ಬಂದಾಗ ನಾಲ್ಕಿಂಚು ಕೆದಕಿ ಮುಟ್ಟಿ ನೋಡಿ, ಅಲ್ಲಿ ತಂಪಿದ್ದರೆ ಎಲೆ ಬಾಡಿದಂತೆ ಕಂಡರೂ ನೀರು ಬೇಡ. ಮಧ್ಯಾಹ್ನ ಮೂರರ ಬಿಸಿಲಿಗೆ ಬಾಡಿದ ಎಲೆ ರಾತ್ರಿ ತಾನೇ ಏಳುತ್ತದೆ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಬೇರಿನ ತೊಂದರೆ.

ಗೊಬ್ಬರಕ್ಕೆ ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಒಂದಿಂಚು ಕಾಂಪೋಸ್ಟ್, ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ ಸಾಕು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸವರಿದರೆ ಹೂ ಹೆಚ್ಚುತ್ತದೆ. ಹೊರಮುಖವಾಗಿರುವ ಕಣ್ಣಿನ ಮೇಲೆ ಕತ್ತರಿಸಿ, ಬೇಲಿ ಕತ್ತರಿಸಿದ ಹಾಗೆ ತಲೆ ಸಮ ಮಾಡಬೇಡಿ. ಅದರ ಹಿಟ್ಟು ತಿಗಣೆಗೆ ಮೊದಲ ಮದ್ದು ಇರುವೆ ತಡೆಯುವುದು, ಯಾಕೆಂದರೆ ಸಿಹಿರಸದ ಆಸೆಗೆ ತಿಗಣೆಯನ್ನು ಕಾಯುವುದು ಅವೇ. ಬಳಿಕ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಚೂರು ಸೋಪಿನ ದ್ರಾವಣ ಹಾಕಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ಸಲ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಕ್ಯಾನಾದ ಒಂದು ದಂಟು ಎರಡು ಮೂರು ಗೊಂಚಲು ಕೊಟ್ಟು ಮುಗಿಸುತ್ತದೆ, ಆಮೇಲೆ ಅದನ್ನು ನೆಲಮಟ್ಟಕ್ಕೆ ಕೊಯ್ದುಬಿಡಿ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಕೆಲಸ, ಬುಡ ಬಿಡಿಸುವುದು. ಮೂರು ನಾಲ್ಕು ವರ್ಷಕ್ಕೆ ಡೇ ಲಿಲಿಯ ಗುಂಪು ಬಳೆಯಾಕಾರಕ್ಕೆ ಬರುತ್ತದೆ: ಸುತ್ತ ಹಸಿರು, ನಡುವೆ ಬರಡು. ಹೂವಿನ ದಂಟುಗಳೂ ಕಡಿಮೆಯಾಗುತ್ತವೆ. ಗೊಬ್ಬರ ಹಾಕಿದರೆ ಸರಿಹೋಗುವುದಲ್ಲ ಅದು, ಜಾಗ ಸಾಲದಾಗಿದೆ. ಹೂ ಮುಗಿದ ಮೇಲೆ ಗುಂಪಿನಿಂದ ಆರಿಂಚು ದೂರದಲ್ಲಿ ಸುತ್ತ ಸಲಿಕೆ ಇಳಿಸಿ, ಇಡೀ ಹೆಂಟೆಯನ್ನು ಮೀಟಿ ಎತ್ತಿ. ಪೈಪಿನ ನೀರಿನಲ್ಲಿ ಮಣ್ಣು ತೊಳೆದರೆ ಬೀಸಣಿಗೆಯಂತೆ ಹರಡಿದ ಎಲೆಗುಚ್ಛಗಳು ಒಂದೊಂದಾಗಿ ಕಾಣುತ್ತವೆ, ಕೆಳಗೆ ಬಿಳಿ ಬೆರಳಿನಂಥ ಬೇರುಗಳು. ಎರಡು ಗುಚ್ಛಗಳ ಬುಡ ಹಿಡಿದು ಆಚೀಚೆ ತೂಗಾಡಿಸಿದರೆ ತಾವಾಗಿ ಬಿಡುತ್ತವೆ, ಬಿಡದಿದ್ದಲ್ಲಿ ಮಾತ್ರ ಚಾಕು. ಎರಡು ಮೂರು ಗುಚ್ಛಕ್ಕೊಂದು ಗಿಡ ಮಾಡಿ, ಮೆತ್ತಗಾದ ಕಂದು ಬೇರು ಕತ್ತರಿಸಿ, ಎಲೆಗಳನ್ನು ಆರಿಂಚಿಗೆ ಮೊಟಕುಗೊಳಿಸಿ. ಗಾಯ ಆರಲು ಅರ್ಧ ದಿನ ನೆರಳಲ್ಲಿಟ್ಟು ನೆಡಿ. ಮೊದಲ ಋತುವಿನಲ್ಲಿ ಹೂ ಕಡಿಮೆ ಬಂದರೆ ಗಾಬರಿ ಬೇಡ. ಕ್ಯಾನಾಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಇದೇ ಕೆಲಸ. ಸೇವಂತಿಗೆಯನ್ನಂತೂ ಪ್ರತಿ ವರ್ಷ ಹೂ ಮುಗಿದೊಡನೆ ನೆಲಕ್ಕೆ ಕತ್ತರಿಸಿ, ಬುಡದಿಂದೇಳುವ ಹಿಳ್ಳುಗಳನ್ನು ದೀಪ ಬೀಳದ ಕಡೆ ನೆಟ್ಟು, ನಾಲ್ಕು ವಾರಕ್ಕೆ ಕುಡಿ ಚಿವುಟಬೇಕು.

ಕೊನೆಗೆ ನಿಮ್ಮ ಸುಗಂಧರಾಜ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ, ಅದರ ಸುತ್ತ ಹುಟ್ಟಿದ ಮರಿಗೆಡ್ಡೆಗಳು ಬಿಡಬೇಕು. ಅವು ಒತ್ತೊತ್ತಾಗಿ ಕೂತು ದಪ್ಪವಾಗಲು ಜಾಗವಿಲ್ಲದ್ದರಿಂದಲೇ ನಿಮಗೆ ಹುಲ್ಲಿನ ಪೊದೆ ಕಾಣುತ್ತಿದೆ. ನೀರು ನಿಲ್ಲಿಸಿ, ಎಲೆ ಹಳದಿಯಾದ ಮೇಲೆ ಅಗೆದು ತೆಗೆಯಿರಿ. ನೆರಳಿನಲ್ಲಿ ಮೂರು ನಾಲ್ಕು ವಾರ ಹರಡಿಟ್ಟು, ಬಿಡಿಸಿ ವಿಂಗಡಿಸಿ. ಎರಡು ಸೆಂಟಿಮೀಟರಿಗಿಂತ ದಪ್ಪವಿರುವ, ಒತ್ತಿದರೆ ಗಟ್ಟಿಯಾಗಿರುವ ಗೆಡ್ಡೆಗಳನ್ನು ಎರಡು ಇಂಚು ಆಳಕ್ಕೆ, ಎಂಟು ಇಂಚು ಅಂತರಕ್ಕೆ ಬೇರೊಂದು ಬಿಸಿಲಿನ ಮಡಿಯಲ್ಲಿ ನೆಡಿ, ಆ ಋತುವಿನಲ್ಲೇ ಹೂ ಬರಬೇಕು. ಸಣ್ಣವನ್ನು ನಾಲ್ಕಿಂಚಿಗೊಂದರಂತೆ ಪ್ರತ್ಯೇಕ ಸಾಲಿನಲ್ಲಿ ಹಾಕಿ ಒಂದು ವರ್ಷ ದಪ್ಪವಾಗಲು ಬಿಡಿ. ಹೂ ಬಿಟ್ಟು ಸೊರಗಿದ ತಾಯಿಗೆಡ್ಡೆ ಮತ್ತು ಮೆತ್ತಗಾದವು ಮಾತ್ರ ಎಸೆಯುವುದಕ್ಕೆ.